ಕೊನೇ ರೀಲು ಓಡಿಸದ ಮ್ಯಾಟಿನಿ

ಹಾವೇರಿಯಲ್ಲಿ ಹೊಸದಾಗಿ ಕಟ್ಟಿದ ಥೇಟರಿನಲ್ಲಿ ಶೈಲಾ ಎಂಬ ಹುಡುಗಿ ಸಿನಿಮಾ ಬಿಡುವ ಕೆಲಸಕ್ಕೆ ಸೇರಿದ್ದಾಳೆ. ರಾಣೇಬೆನ್ನೂರಿನ ನಮ್ಮ ಓಣಿಯವಳು. ಹೋದ ತಿಂಗಳು ಮನೆಗೆ ಬಂದು, ನೀವು ಜನ್ಮವಿಡೀ ಇದೇ ಕೆಲಸ ಮಾಡಿದವರು, ಮೊದಲೆಲ್ಲ ಹೆಂಗಿತ್ತು ಅಂತ ಬರೆದುಕೊಡ್ರಿ ಅಜ್ಜಾರ, ನಮ್ಮಂಥವರಿಗೆ ಉಪಯೋಗ ಆಗ್ತೈತಿ ಅಂದಳು. ನಿನ್ನ ಕೆಲಸ ಹೆಂಗಮ್ಮ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾಳಂತೆ, ಸಿನಿಮಾ ತಾನೇ ಶುರುವಾಗಿ ತಾನೇ ಮುಗಿಯುತ್ತದಂತೆ. ನಡುವಿನ ಎರಡೂವರೆ ತಾಸು ಏನು ಮಾಡುತ್ತೀ ಎಂದರೆ, ಮೊಬೈಲಿನಲ್ಲಿ ಬೇರೆ ಸಿನಿಮಾ ನೋಡುತ್ತೇನೆ ಅಂದಳು. ನಾನು ಬೈಯಲಿಲ್ಲ. ಈಗ ಪರದೆಯ ಮೇಲೆ ಓಡುವುದನ್ನು ನೋಡಿದರೆ ಅವಳು ಮಾಡುವುದೇ ಸರಿ.

ನಮಗೆ ಆ ಸೌಲಭ್ಯ ಇರಲಿಲ್ಲ. ರಾಣೇಬೆನ್ನೂರಿನ ಟಾಕೀಸಿನ ಕ್ಯಾಬಿನ್ನಿನಲ್ಲಿ ನಾನು ಫಕ್ಕೀರಪ್ಪ, ಎರಡು ಪ್ರೊಜೆಕ್ಟರು, ಗೋಡೆಯಲ್ಲಿ ಅಂಗೈ ಅಗಲದ ಕಿಂಡಿ. ಒಂದು ಪ್ರೊಜೆಕ್ಟರಿನಲ್ಲಿ ರೀಲು ಮುಗಿಯುತ್ತ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ. ಅದು ಕಂಡ ಕೂಡಲೇ ಎರಡನೆಯದನ್ನು ಚಾಲೂ ಮಾಡಬೇಕು. ಕಣ್ಣು ಅತ್ತಿತ್ತ ಹೋದರೆ ಪರದೆ ಬೆಳ್ಳಗಾಗುತ್ತದೆ, ಮುಂದಿನ ಬೆಂಚಿನವರು ನನ್ನ ತಾಯಿ ತಂದೆಯನ್ನು ನೆನೆಯುತ್ತಾರೆ. ಹಾಗಾಗಿ ಎಂಥ ದರಿದ್ರ ಸಿನಿಮಾ ಆದರೂ ನೋಡಲೇಬೇಕು. ದಿನಕ್ಕೆ ನಾಲ್ಕು ಆಟ, ಏಳೆಂಟು ವಾರ. ಜೈಲಿನಲ್ಲಿದ್ದವರಿಗೂ ಇಷ್ಟು ಶಿಕ್ಷೆ ಇರಲಿಕ್ಕಿಲ್ಲ.

ಅಷ್ಟು ಸಲ ನೋಡಿದ ಮೇಲೆ ಕಥೆ ಸತ್ತುಹೋಗುತ್ತದೆ, ಹೀರೋ ಹಳಸುತ್ತಾನೆ, ನೋಡಲಿಕ್ಕೆ ಉಳಿಯುವುದು ಸಣ್ಣ ಸಣ್ಣ ಸುಳ್ಳುಗಳು. ಗಂಡನ ಮನೆ ಬಿಟ್ಟು ಹೊರಟ ನಾಯಕಿ ಸೂಟ್‌ಕೇಸನ್ನು ಎರಡು ಬೆರಳಿನಲ್ಲಿ ಎತ್ತುತ್ತಾಳೆ. ಹತ್ತು ವರ್ಷದ ಸಂಸಾರ ಅಷ್ಟು ಹಗುರವೇ? ಯಾರ ಕಪ್ಪಿನಲ್ಲೂ ಚಹಾ ಇರುವುದಿಲ್ಲ. ಕೈ ಬೀಸಿ ಮಾತಾಡಿದರೂ ಒಂದು ಹನಿ ಚೆಲ್ಲುವುದಿಲ್ಲ. ಒಂದು ಸಿನಿಮಾದಲ್ಲಿ ಆಳಿನ ಪಾತ್ರದವನು ಟ್ರೇ ಹಿಡಿದು ಬರುತ್ತಿದ್ದ. ಅವನ ಕಣ್ಣು ಕಪ್ಪಿನ ಅಂಚಿನ ಮೇಲೇ ಇತ್ತು, ಚೆಲ್ಲೀತು ಎಂಬ ಹೆದರಿಕೆ ಮೊಣಕೈಯಲ್ಲಿತ್ತು. ಆ ಒಬ್ಬನನ್ನು ನೋಡಲಿಕ್ಕೆ ನಾನು ಏಳು ವಾರ ಬೇಜಾರಿಲ್ಲದೆ ಕಳೆದೆ. ಅವನ ಹೆಸರು ಟೈಟಲ್ಲಿನಲ್ಲೂ ಇರಲಿಲ್ಲ.

ಹೀರೋನ ಹೆಸರು ಮಾತ್ರ ಪರದೆ ತುಂಬ ಬರುತ್ತಿತ್ತು. ಆಗ ನಮ್ಮ ಕಡೆ ಬಹಳ ನಡೆಯುತ್ತಿದ್ದ ಒಬ್ಬ ಹೀರೋ ಇದ್ದ, ಹೆಸರು ಬೇಡ, ನಾನು ಅವನಿಗೆ ಹುಬ್ಬು ಎಂದೇ ಕರೆಯುತ್ತಿದ್ದೆ. ಪ್ರೀತಿಗೂ ಸಿಟ್ಟಿಗೂ ತಾಯಿ ಸತ್ತದ್ದಕ್ಕೂ ಅವನು ಎಡಹುಬ್ಬು ಏರಿಸುತ್ತಿದ್ದ. ತಾಯಿಗೆ ಸ್ವಲ್ಪ ಹೆಚ್ಚು ಏರಿಸುತ್ತಿದ್ದ, ಅಷ್ಟೇ. ಟಾಕೀಸಿನ ಮಾಲಕರು ಬ್ಯಾಡಗಿಯ ಚನ್ನಬಸಪ್ಪ ಸಾವ್ಕಾರ್ರು. ಅಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಈ ಹುಬ್ಬಿಗೆ ನಟನೆ ಬರುವುದಿಲ್ಲ ಎಂದು ಒಮ್ಮೆ ಅವರೆದುರು ಹೇಳಿದೆ. ಅವರು ನಕ್ಕು, "ನಮ್ಮ ಬ್ಯಾಡಗಿ ಕಾಯಿ ಇದ್ದಂಗಲೇ ಅವ. ಬಣ್ಣ ಭಾಳ, ಖಾರ ಕಡಿಮಿ. ಪ್ಯಾಟ್ಯಾಗ ಬಣ್ಣಕ್ಕ ಬೆಲಿ" ಅಂದರು. ಸಿನಿಮಾ ವ್ಯಾಪಾರದ ಬಗ್ಗೆ ಇದಕ್ಕಿಂತ ಖರೇ ಮಾತು ನಾನು ಕೇಳಿಲ್ಲ.

ನಾವೂ ಸಾಚಾ ಏನಲ್ಲ. ಸಂಜೆಯ ಆಟ ಬಿಡುವ ಹೊತ್ತಿಗೂ ಗುತ್ತಲದ ಕಡೇ ಬಸ್ಸಿಗೂ ಹತ್ತು ನಿಮಿಷ ಕೂಡುತ್ತಿರಲಿಲ್ಲ. ಗುತ್ತಲದ ಮಂದಿ ನಡುವೆಯೇ ಎದ್ದು ಓಡುತ್ತಿದ್ದರು. ಸಾವ್ಕಾರ್ರು ನನಗೆ ಕತ್ತರಿ ಕೊಟ್ಟು, ಎರಡು ಹಾಡು ಇಳಿಸು ಅಂದರು. ಹಾಡು ಎಂದು ನಾನು ಆರಿಸುತ್ತಿದ್ದುದು ಸಾಮಾನ್ಯವಾಗಿ ತಾಯಿ ಸಾಯುವ ದುಃಖದ ಹಾಡು, ಜೊತೆಗೆ ಸಾಯುವ ದೃಶ್ಯವೂ ಹೋಗುತ್ತಿತ್ತು. ಬಹಳ ವರ್ಷ ಗುತ್ತಲದವರ ಮಟ್ಟಿಗೆ ಕನ್ನಡ ಸಿನಿಮಾದ ತಾಯಂದಿರು ಸಾಯುತ್ತಲೇ ಇರಲಿಲ್ಲ. ಮದುವೆಯ ಫೋಟೋದಲ್ಲಿ ಯಾಕೋ ಕಾಣಿಸುತ್ತಿರಲಿಲ್ಲ ಅಷ್ಟೇ.

ಒಮ್ಮೆ ತಪ್ಪಿನಿಂದ ಒಂಬತ್ತನೇ ರೀಲನ್ನು ಎಂಟರ ಮೊದಲು ಓಡಿಸಿದೆ. ಹೀರೋ ಅಪ್ಪನನ್ನು ಕೊಂದವನನ್ನು ಹೊಡೆದು ಸಾಯಿಸಿದ. ಆಮೇಲೆ ಸತ್ತವನು ಎದ್ದುಬಂದು ಅಪ್ಪನನ್ನು ಕೊಂದ. ಈಗ ಕಲ್ಲು ಬೀಳುತ್ತವೆ ಎಂದು ಕಾದೆ. ಏನೂ ಬೀಳಲಿಲ್ಲ. ಆಟ ಬಿಟ್ಟಾಗ ಹೊರಗೆ ಒಬ್ಬ, ಈ ಡೈರೆಕ್ಟರ್ ಭಾಳ ಶಾಣ್ಯಾ ಅದಾನ, ತಲಿ ಇದ್ದವರಿಗೆ ಮಾತ್ರ ತಿಳೀತೈತಿ ಎಂದು ಇನ್ನೊಬ್ಬನಿಗೆ ವಿವರಿಸುತ್ತಿದ್ದ. ಅಂದಿನಿಂದ ಪ್ರೇಕ್ಷಕರಿಗೆ ಏನೂ ತಿಳಿಯುವುದಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನಕ್ಕೆ ಆದ ಗತಿಯನ್ನೇ ಶೈಲಾ, ನಿನಗೆ ಹೇಳಬೇಕಾಗಿರುವುದು.

ಗುತ್ತಲದ ಸರೋಜಾ ಅಕ್ಕೋರು ಪ್ರೈಮರಿ ಶಾಲೆಯಲ್ಲಿ ಕಲಿಸುತ್ತಿದ್ದರು. ಒಂದು ಸಣ್ಣ ಕಾದಂಬರಿ ಬರೆದಿದ್ದರು. ಅವರ ದೊಡ್ಡವ್ವ ಗಂಗವ್ವ, ಐರಣಿಯವಳು, ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದಳು. ಕಾದಂಬರಿ ಅವಳದೇ ಕಥೆ. ಗಂಡ ಇನ್ನೊಬ್ಬಳ ಹಿಂದೆ ಹೋದ. ಅವನು ಬಿಟ್ಟುಹೋದ ಹುಟ್ಟನ್ನು ಇವಳು ಕೈಗೆ ತೆಗೆದುಕೊಂಡಳು, ಹನ್ನೆರಡು ವರ್ಷ ಮಂದಿಯನ್ನು ದಾಟಿಸಿದಳು. ಒಂದು ದಿನ ಗಂಡ ಸೋತು ಬಂದು ಕರೆದುಕೋ ಎಂದ. ಅವಳು ಮಾತಾಡದೆ ಅವನನ್ನು ಹರಿಗೋಲಿನಲ್ಲಿ ಕೂರಿಸಿ, ಆಚೆ ದಂಡೆಗೆ ಇಳಿಸಿ, ಒಬ್ಬಳೇ ತಿರುಗಿ ಬಂದಳು. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಾನು ಒಂದೇ ರಾತ್ರಿ ಓದಿದೆ, ಮರುದಿನ ಮತ್ತೊಮ್ಮೆ ಓದಿದೆ.

ಅದನ್ನು ಸಿನಿಮಾ ಮಾಡಿದರು. ಗಂಡನ ಪಾತ್ರ ಹುಬ್ಬಿಗೆ ಸಿಕ್ಕಿತು, ಸಿನಿಮಾಕ್ಕೆ ಗಂಡನ ಹೆಸರೇ ಇಟ್ಟರು. ಹರಿಗೋಲು ಚೆನ್ನಾಗಿ ಕಾಣುವುದಿಲ್ಲವೆಂದು ಬಣ್ಣದ ದೋಣಿ ತಂದರು. ಹನ್ನೆರಡು ವರ್ಷ ಬಿಸಿಲಲ್ಲಿ ದುಡಿದ ಹೆಣ್ಣುಮಗಳ ಉಗುರಿಗೆ ಕೆಂಪು ಬಣ್ಣ ಇತ್ತು. ಒಂದು ಮಾತು ಹೇಳಲೇಬೇಕು, ಪುಸ್ತಕದಲ್ಲಿದ್ದ ಕೊನೆಯನ್ನೂ ಡೈರೆಕ್ಟರ್ ಚಿತ್ರೀಕರಿಸಿದ್ದ. ಕೊನೆಯ ಹಿಂದಿನ ರೀಲಿನಲ್ಲಿ ಅವಳು ಗಂಡನನ್ನು ಇಳಿಸಿ ದೋಣಿ ತಿರುಗಿಸುತ್ತಾಳೆ, ನೀರು ಕಾಣುತ್ತದೆ, ರೀಲು ಮುಗಿಯುತ್ತದೆ. ಆಮೇಲೆ ನಿರ್ಮಾಪಕರಿಗೆ ಹೆದರಿಕೆ ಆಗಿರಬೇಕು. ಕೊನೇ ರೀಲಿನಲ್ಲಿ ಅವಳಿಗೆ ಪಶ್ಚಾತ್ತಾಪ ಆಗುತ್ತದೆ, ತಿರುಗಿ ಹೋಗುತ್ತಾಳೆ, ಪ್ರವಾಹ ಬರುತ್ತದೆ, ಗಂಡನನ್ನು ಉಳಿಸಿ ಅವನ ಕಾಲಿನ ಮೇಲೆ ತಲೆ ಇಟ್ಟು ಸಾಯುತ್ತಾಳೆ. ಹುಬ್ಬು ಏರುತ್ತದೆ. ಒಂದು ಹಾಡು.

ಮೊದಲ ದಿನ ಸಾವ್ಕಾರ್ರು ಅಕ್ಕೋರಿಗೆ ಟಾಕೀಸಿನಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಅವರು ಆ ಸಿನಿಮಾ ನೋಡಿದ್ದೂ ಅಂದೇ ಮೊದಲು. ಮೂರನೇ ದಿನ ಮುಂಜಾನೆ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದರು. ಅಲ್ಲಿಗೆ ಯಾವ ಹೆಂಗಸೂ ಅದುವರೆಗೆ ಬಂದಿರಲಿಲ್ಲ. ನಾನು ಗಡಬಡಿಸಿ ಸ್ಟೂಲು ಒರೆಸಿದೆ. ಅವರು ಕೂರಲಿಲ್ಲ.

"ಫಕ್ಕೀರಪ್ಪನವರ, ಕಡೀ ರೀಲ ಬಿಡದ ಒಂದ ಆಟ ತೋರಸಾಕ ಬರ್ತೈತೇನ್ರಿ?" ಎಂದು ಕೇಳಿದರು.

ಬರ್ತೈತಿ, ಆದರೆ ನನ್ನ ನೌಕರಿ ಹೋಗುತ್ತದೆ ಎಂದೆ. ಅವರು ತಲೆ ಆಡಿಸಿ ಹೊರಟರು. ಎರಡು ಮೆಟ್ಟಿಲು ಇಳಿದು ನಿಂತು, ಭಾನುವಾರ ಮ್ಯಾಟಿನಿಗೆ ಗಂಗವ್ವ ಬರುತ್ತಾಳೆ, ಐರಣಿಯ ಓಣಿಯ ಹೆಂಗಸರೆಲ್ಲ ಅವಳ ಜೊತೆ ಬಸ್ಸಿನಲ್ಲಿ ಬರುತ್ತಾರೆ ಎಂದು ಹೇಳಿದರು.

"ಆಕಿಗೆ ಓದಾಕ ಬರೂದಿಲ್ರಿ. ನಾ ಬರದದ್ದನ್ನ ನಾನ ಓದಿ ಹೇಳೀನಿ. ಬರೋಬ್ಬರಿ ಬರದಿ ಅಂದಾಳ. ಈಗ ಓಣಿ ಮಂದಿ ನಡುವ ಕುಂತು, ತಾನು ಅವನ ಕಾಲಾಗ ಬಿದ್ದು ಸಾಯೂದು ನೋಡಬೇಕಲ್ರಿ ಆಕಿ."

ಭಾನುವಾರ ಮುಂಜಾನೆಯ ಆಟ ಮುಗಿದ ಕೂಡಲೇ ನಾನು ಹಳೆಯ ಒಂದು ಸಿನಿಮಾದ 'ಶುಭಂ' ತುಂಡನ್ನು ಹುಡುಕಿ, ಕೊನೆಯ ಹಿಂದಿನ ರೀಲಿನ ತುದಿಗೆ ಅಂಟು ಹಚ್ಚಿ ಕೂಡಿಸಿದೆ. ಧೈರ್ಯಕ್ಕಿಂತ ಹೆಚ್ಚಾಗಿ ಸೊಕ್ಕಿನಿಂದ ಮಾಡಿದೆ ಎಂದು ಈಗ ಅನ್ನಿಸುತ್ತದೆ. ರೀಲು ಹಿಂದುಮುಂದಾದರೂ ತಿಳಿಯದ ಮಂದಿಗೆ ಇದು ಏನು ತಿಳಿದೀತು?

ಮ್ಯಾಟಿನಿಗೆ ಟಾಕೀಸು ತುಂಬಿತ್ತು. ಕಿಂಡಿಯಿಂದ ಮುಖ ಕಾಣುವುದಿಲ್ಲ, ತಲೆಗಳು ಮಾತ್ರ. ನಡುವಿನ ಸಾಲಿನಲ್ಲಿ ಸೆರಗು ಹೊದ್ದ ಹತ್ತು ಹನ್ನೆರಡು ತಲೆ, ಅವುಗಳಲ್ಲಿ ಒಂದು ಆಚೀಚೆ ಅಲ್ಲಾಡದೆ ಕೂತಿತ್ತು. ದೋಣಿ ಆಚೆ ದಂಡೆ ಮುಟ್ಟಿತು. ಅವನು ಇಳಿದ. ಅವಳು ತಿರುಗಿಸಿದಳು. ನೀರು, ಶುಭಂ. ನಾನು ದೀಪ ಹಾಕಿದೆ.

ಹೆಂಗಸರು ಎದ್ದು ಹೊರಟರು. ಆಮೇಲೆ ಮುಂದಿನ ಬೆಂಚಿನಿಂದ ಶಿಳ್ಳೆ ಶುರುವಾಯಿತು. ಹುಬ್ಬಿನ ಅಭಿಮಾನಿಗಳು ಅದೇ ಹಾಡಿಗೆ ಮೂರನೇ ಸಲ ಬಂದವರು. ಹಾಡು ಎಲ್ಲಿ, ಪ್ರವಾಹ ಎಲ್ಲಿ ಎಂದು ಕುರ್ಚಿ ಬಡಿಯತೊಡಗಿದರು. ಸಾವ್ಕಾರ್ರು ಏದುಸಿರು ಬಿಡುತ್ತ ಮೇಲೆ ಬಂದರು. ಕೊನೇ ರೀಲಿಗೆ ಏನಾತು ಎಂದು ಕೇಳಿದರು. ಕೆಟ್ಟೈತ್ರಿ ಎಂದೆ. ಅವರು ಡಬ್ಬಿ ತೆಗೆದು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಮುಚ್ಚಿದರು.

"ನಿನ್ನ ಆಪರೇಟರ್ ಅಂತ ಇಟ್ಕೊಂಡೀನಿ, ಡೈರೆಕ್ಟರ್ ಅಂತ ಅಲ್ಲ. ಈ ರೀಲ ಬಿಟ್ಟು, ಚಾವಿ ಇಟ್ಟು, ಮನಿಗೆ ನಡಿ."

ಹಾಗೆ, ನಾನೇ ತೆಗೆದಿಟ್ಟ ರೀಲನ್ನು ನಾನೇ ಚಾಲೂ ಮಾಡಿ ಕೆಳಗಿಳಿದೆ. ಅಂಗಳದಲ್ಲಿ ಅಕ್ಕೋರು ಗಂಗವ್ವನ ಕೈ ಹಿಡಿದು ನಿಂತಿದ್ದರು. ಐವತ್ತು ದಾಟಿದ ಕಪ್ಪು ಗಟ್ಟಿ ಹೆಂಗಸು, ಅಂಗೈ ಮರದ ಹಲಗೆಯಂತೆ ಇತ್ತು. ಒಳಗಿನಿಂದ ಹಾಡು ಹೊರಗೆ ಕೇಳುತ್ತಿತ್ತು. ಅದೇನು ಎಂದು ಅವಳು ಕೇಳಿದಳು. ಮುಂದಿನ ಆಟದ್ದು ಎಂದು ಅಕ್ಕೋರು ಸುಳ್ಳು ಹೇಳಿದರು. ಗಂಗವ್ವ ನನ್ನ ಮುಖ ಒಮ್ಮೆ ನೋಡಿದಳು. ಸಿನಿಮಾ ಹೆಂಗಿತ್ರಿ ಯವ್ವಾ ಎಂದೆ.

"ಆ ಹುಡುಗಿ ಹುಟ್ಟು ಹಿಡಿಯೂದು ಕಲ್ತಿಲ್ಲ ತಮ್ಮಾ. ಅಂಬಲಿ ತಿರುವಿದಂಗ ತಿರುವ್ತಾಳ," ಅಂದಳು. "ನನ್ನ ಗಂಡ ಅಷ್ಟ ಚೆಂದ ಇದ್ದಿಲ್ಲ. ಇದ್ದಿದ್ರ ನಾನೂ ಒಂದೀಟು ವಿಚಾರ ಮಾಡ್ತಿದ್ದೆ."

ಆ ಸಿನಿಮಾದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ನಾನು ಓದಿದ್ದೇನೆ. ನಾಯಕಿ ಜೀವ ತುಂಬಿದ್ದಾಳೆ ಎಂದು ಎಲ್ಲರೂ ಬರೆದಿದ್ದರು. ಕೈಯಲ್ಲಿ ಏನು ಹಿಡಿದಿದ್ದಾಳೆ ಎಂದು ಒಬ್ಬನೂ ನೋಡಿರಲಿಲ್ಲ.

ನೌಕರಿ ಹೋದ ಮೇಲೆ ಬ್ಯಾಡಗಿಯಲ್ಲಿ ಮೊಕ್ಕಾಂ ಮಾಡಿದ್ದ ಒಂದು ನಾಟಕ ಕಂಪನಿಯಲ್ಲಿ ಲೈಟಿನ ಕೆಲಸಕ್ಕೆ ಸೇರಿದೆ. ಅಲ್ಲೂ ಅದೇ ಕಥೆ ಬೆನ್ನು ಹತ್ತಿತು. ಸಿನಿಮಾ ಓಡಿತಲ್ಲ, ಕಂಪನಿಯವರು ಅದನ್ನು ನಾಟಕ ಮಾಡಿದರು. ಅಕ್ಕೋರನ್ನು ಯಾರೂ ಕೇಳಲಿಲ್ಲ. ತುಂಗಭದ್ರೆ ಎಂದರೆ ಇಬ್ಬರು ಎರಡು ಕಡೆ ಹಿಡಿದು ಅಲ್ಲಾಡಿಸುವ ನೀಲಿ ಸೀರೆ. ಹರಿಗೋಲಿನಲ್ಲಿ ಒಬ್ಬ ಹಾಸ್ಯಗಾರ ಕೂತು ಬಾಯಿಗೆ ಬಂದದ್ದು ಮಾತಾಡುತ್ತಿದ್ದ. ಹೆಂಗಸರು ಅತ್ತುಕೊಂಡು ಮನೆಗೆ ಹೋದರೆ ನಾಳೆ ಬರುವುದಿಲ್ಲ ಎಂಬುದು ಕಂಪನಿ ಮಾಲಕನ ಸಿದ್ಧಾಂತ. ಹಾಗಾಗಿ ಕೊನೆಗೆ ಅವಳೂ ಸಾಯುತ್ತಿರಲಿಲ್ಲ, ಅವನೂ ಹೋಗುತ್ತಿರಲಿಲ್ಲ, ಇಬ್ಬರೂ ಹಾರ ಬದಲಿಸುತ್ತಿದ್ದರು. ಅದೇ ಖರ್ಚಿನಲ್ಲಿ ಹಾಸ್ಯಗಾರನಿಗೂ ಒಂದು ಮದುವೆ.

ಆದರೆ ಅಂಬಿಗಿತ್ತಿಯ ಪಾತ್ರ ಮಾಡುತ್ತಿದ್ದ ಮಾಲತಿಬಾಯಿ ಬೇರೆಯೇ ಜಾತಿಯ ಕಲಾವಿದೆ. ವಯಸ್ಸಾಗಿತ್ತು, ಮೈ ಬಂದಿತ್ತು, ಮುಖಕ್ಕೆ ಬಳಿದ ಬಣ್ಣ ಮೂರು ಬೆರಳು ದಪ್ಪ. ಮೊದಲ ದೃಶ್ಯದಲ್ಲಿ ಅವಳು ತಲೆಯ ಮೇಲೆ ಗಂಟು ಹೊತ್ತು ಬರಬೇಕು. ದಿನವೂ ಆ ಗಂಟಿನಲ್ಲಿ ಎರಡು ಇಟ್ಟಿಗೆ ಇಡಿಸುತ್ತಿದ್ದಳು. ಯಾರು ನೋಡ್ತಾರ ಬಾಯಾರ, ಬಟ್ಟಿ ತುಂಬಿಸಿದ್ರ ಸಾಕಲ್ಲ ಎಂದೆ. "ಖಾಲಿ ಗಂಟು ಹೊತ್ರ ಕುತ್ತಿಗಿ ಸುಳ್ಳ ಹೇಳ್ತೈತ್ರಿ" ಅಂದಳು. ಚಿನ್ನದಂಥ ಆ ಮಾತನ್ನು ಎಂಥ ಕಚಡಾ ನಾಟಕದ ನಡುವೆ ಆಡಿದಳು ಎಂದು ನೆನೆದರೆ ಈಗಲೂ ನಗು ಬರುತ್ತದೆ, ಸಂಕಟವೂ ಆಗುತ್ತದೆ.

ಮೂರು ತಿಂಗಳಾದ ಮೇಲೆ ಸಾವ್ಕಾರ್ರೇ ನಾಟಕದ ತಂಬುವಿಗೆ ಬಂದರು. ನನ್ನ ಜಾಗಕ್ಕೆ ತಂದವನು ಫಿಲ್ಮು ಸಿಕ್ಕಿಕೊಂಡಾಗ ನೋಡದೆ ಹುಬ್ಬಿನ ಮುಖದ ನಡುವೆ ಸುಟ್ಟ ತೂತು ಮಾಡಿದ್ದನಂತೆ. "ನೀ ಬರೇ ಕತ್ತರಸ್ತಿದ್ದಿ. ಅವ ಸುಡ್ತಾನ. ಬಾರಲೇ," ಅಂದರು. ಹೋದೆ. ಆ ಮ್ಯಾಟಿನಿಯ ಬಗ್ಗೆ ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಮನಸ್ಸಿನೊಳಗೆ ನಾನು ಬಹಳ ವರ್ಷ ಹೀರೋ ಆಗಿಯೇ ಇದ್ದೆ. ಒಬ್ಬ ಹೆಣ್ಣುಮಗಳ ಮಾನ ಉಳಿಸಿದೆ ಎಂದು ಹೆಂಡತಿಯ ಮುಂದೆ ಎಷ್ಟು ಸಲ ಹೇಳಿದೆನೋ. ನನ್ನ ಹುಬ್ಬೂ ಏರುತ್ತಿದ್ದಿರಬೇಕು.

ಆಮೇಲೆ ಪ್ರೊಜೆಕ್ಟರಿನ ಬೆಳಕಿಗೆ ಉರಿಸುತ್ತಿದ್ದ ಕಾರ್ಬನ್ ಕಡ್ಡಿ ಹೋಗಿ ಬಲ್ಬು ಬಂತು. ರೀಲು ಹೋಗಿ ಸ್ಯಾಟಲೈಟಿನ ಮೂಲಕ ಆಕಾಶದಿಂದ ಸಿನಿಮಾ ಇಳಿಯತೊಡಗಿತು. ಕತ್ತರಿಸಲಿಕ್ಕೆ ಏನೂ ಉಳಿಯಲಿಲ್ಲ. ಗುತ್ತಲದವರೆಲ್ಲ ಬೈಕು ತೆಗೆದುಕೊಂಡರು, ಪೂರಾ ನೋಡತೊಡಗಿದರು, ಪಾಪ. ಕೊನೆಗೆ ಟಾಕೀಸು ಮುಚ್ಚಿತು, ನಾನು ಮನೆ ಸೇರಿದೆ. ಅಕ್ಕೋರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಅವರ ಕಾದಂಬರಿ ಟಿವಿಯಲ್ಲಿ ಧಾರಾವಾಹಿ ಆದದ್ದನ್ನು ಅವರು ನೋಡಬೇಕಾಗಲಿಲ್ಲ. ನೂರು ಪುಟದ ಪುಸ್ತಕವನ್ನು ಎರಡು ವರ್ಷ ಎಳೆದರು. ಅಂಬಿಗಿತ್ತಿಗೆ ಒಬ್ಬ ಅತ್ತೆ, ಅತ್ತೆಗೆ ಒಬ್ಬ ಶತ್ರು, ಶತ್ರುವಿಗೆ ಒಂದು ಕಂಪನಿ. ಎಲ್ಲರೂ ರೇಷ್ಮೆ ಉಟ್ಟೇ ಮಲಗುತ್ತಿದ್ದರು.

ಆ ಧಾರಾವಾಹಿ ನಡೆದಿದ್ದಾಗ ಒಂದು ಕೆಲಸಕ್ಕೆಂದು ಐರಣಿಗೆ ಹೋದವನು ಗಂಗವ್ವನ ಮನೆ ಕೇಳಿಕೊಂಡು ಹೋದೆ. ಮಧ್ಯಾಹ್ನ ಮೂರರ ಹೊತ್ತು. ಎಂಬತ್ತರ ಮುದುಕಿ, ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದಳು. ಗುರುತು ಹೇಳಿದೆ, ಬಾ ಕುಂದ್ರು ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಪರದೆಯಲ್ಲಿ ಗಂಡ ಹರಿಗೋಲಿನಲ್ಲಿ ಕೂತಿದ್ದ, ಹೆಂಡತಿ ಅವನನ್ನು ನೋಡುತ್ತಿದ್ದಳು, ಅವನು ಅವಳನ್ನು ನೋಡುತ್ತಿದ್ದ, ಹಿಂದೆ ಗುಡುಗಿನಂಥ ಸಂಗೀತ. ಎಷ್ಟು ದಿನದಿಂದ ದಾಟ್ತಾರ ಎಂದು ಕೇಳಿದೆ. ಎರಡನೇ ವಾರ ಎಂದಳು. "ಇಷ್ಟೊತ್ತಿಗೆ ಹರಿಗೋಲು ಹರಕೊಂಡು ಹೊಸಪ್ಯಾಟಿ ಡ್ಯಾಮ್ ಮುಟ್ಟತಿತ್ತು" ಅಂದಳು. ಇಬ್ಬರೂ ನಕ್ಕೆವು.

ಆ ಸಲುಗೆಯಲ್ಲಿ ನಾನು ಬಾಯಿಬಿಟ್ಟೆ. ಅಂದು ಕೊನೇ ರೀಲು ತೆಗೆದಿಟ್ಟದ್ದು, ಯಾಕೆಂಬುದು, ನೌಕರಿ ಹೋದದ್ದು, ಎಲ್ಲ ಹೇಳಿದೆ. ಅವಳು ಉಪಕಾರ ಸ್ಮರಿಸುತ್ತಾಳೆ ಎಂಬ ಆಸೆ ಇತ್ತು, ಮುಚ್ಚಿಡುವುದಿಲ್ಲ.

ಗೊತ್ತೈತಿ ಅಂದಳು. ಅಂಗಳದಲ್ಲಿ ಹಾಡು ಕೇಳಿದಾಗಲೇ ಇವರಿಬ್ಬರೂ ಏನೋ ಮುಚ್ಚಿದ್ದಾರೆ ಎಂದು ತಿಳಿದಿತ್ತಂತೆ. ಮರುದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ರಾಣೇಬೆನ್ನೂರಿಗೆ ಬಂದು, ಟಿಕೆಟ್ ತೆಗೆಸಿ, ಪೂರ್ತಿ ನೋಡಿ ಹೋಗಿದ್ದಳು. ನೌಕರಿ ಕಳೆದುಕೊಂಡು ನಾನು ಮನೆಯಲ್ಲಿ ಕೂತಿದ್ದ ದಿನವೇ ಅದು. ಬ್ಯಾಸರ ಆಗಲಿಲ್ಲೇನ್ರಿ ಎಂದು ಕೇಳಿದೆ.

"ಯಾಕ? ಸಾಯೂದೊಂದು ಆಕಿ ಚೊಲೊ ಮಾಡಿದ್ಲು. ನನಗೂ ಅಳು ಬಂತು. ಸತ್ತಾಕಿ ಆಕಿ. ನಾ ಮನಿಗೆ ಬಂದು ರೊಟ್ಟಿ ಬಡದೆ."

ಪ್ರೇಕ್ಷಕರಿಗೆ ಏನೂ ತಿಳಿಯುವುದಿಲ್ಲ ಎಂದು ಅಷ್ಟು ವರ್ಷ ನಂಬಿದ್ದವನು ನಾನು. ಸಿನಿಮಾದವರು ಅವಳಿಗಾಗಿ ಒಂದು ಕೊನೆ ತೀರ್ಮಾನಿಸಿದರು, ಅಕ್ಕೋರೂ ನಾನೂ ಇನ್ನೊಂದು. ಮಾತು ಮುಂದುವರಿಸಬೇಕಲ್ಲ ಎಂದು, ಆದರೂ ಪುಸ್ತಕದಾಗ ಇದ್ದದ್ದ ಖರೇ ಅಲ್ರಿ ಎಂದೆ.

ಗಂಗವ್ವ ಟಿವಿ ಆರಿಸಿದಳು. ಆಚೆ ದಂಡೆಗೆ ಇಳಿಸಿ ಬಂದದ್ದು ಖರೇ ಎಂದಳು. ಅವನು ಅಲ್ಲೇ ಮರದ ಬುಡದಲ್ಲಿ ಕೂತದ್ದು ಈಚೆಯಿಂದ ಸಂಜೆಯವರೆಗೆ ಕಾಣುತ್ತಿತ್ತಂತೆ. ಮರುದಿನ ಮುಂಜಾನೆ, ಮಂದಿ ಬರುವ ಮೊದಲೇ, ನಾಲ್ಕು ರೊಟ್ಟಿ ಕಟ್ಟಿಕೊಂಡು ಒಬ್ಬಳೇ ಹರಿಗೋಲು ಹಾಕಿಕೊಂಡು ಹೋಗಿದ್ದಳು. ಇದನ್ನು ಸರೋಜಾಗೆ ಹೇಳಿಲ್ಲ. ಪುಸ್ತಕ ಓದಿ ಹೇಳುವಾಗ ಆ ಹುಡುಗಿಯ ಮುಖ ಅಷ್ಟು ಅರಳಿತ್ತು, ಹೇಳಲಿಕ್ಕೆ ಬಾಯಿ ಬರಲಿಲ್ಲ ಎಂದಳು. ಹೋದ ವರ್ಷ ಗಂಗವ್ವನೂ ತೀರಿಕೊಂಡಳು, ಅದಕ್ಕೆ ಈಗ ಬರೆಯುತ್ತಿದ್ದೇನೆ.

ಆ ಮುಂಜಾನೆ ಮರದ ಕೆಳಗೆ ಗಂಡ ಇರಲಿಲ್ಲವಂತೆ. ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಅದು ನನಗೂ ಗೊತ್ತಿಲ್ಲ ತಮ್ಮಾ," ಅಂದಳು. "ಅಲ್ಲೇ ಕುಂತು ನಾಕೂ ರೊಟ್ಟಿ ನಾನ ತಿಂದೆ. ಹಸಿವ್ಯಾಗಿತ್ತು."